ಪ್ರಿಂಟ್ ಕಪ್ಪಾಗಿ ಬರುತ್ತಿದೆ, ಫೋಟೊ ಎಡಿಟಿಂಗ್‌ಗೆ ಯಾವ ಮಾನಿಟರ್ ತಗೊಳ್ಳಲಿ?

ಪ್ರಶ್ನೆ:
ಲ್ಯಾಪ್‌ಟಾಪ್‌ನಲ್ಲೇ ಲೈಟ್‌ರೂಮ್ ಬಳಸುತ್ತೇನೆ. ತೆರೆಯ ಮೇಲೆ ಚೆನ್ನಾಗಿ ಕಾಣುವ ಫೋಟೊ ಲ್ಯಾಬ್‌ನಿಂದ ಬಂದಾಗ ಮಂಕು, ನೆರಳಿನ ಜಾಗವೆಲ್ಲ ಕಪ್ಪು. ಅದೇ ಫೈಲ್ ಮೊಬೈಲ್‌ನಲ್ಲಿ ತೆರೆದರೆ ಮುಖಗಳು ಕೆಂಪು ಕೆಂಪು. ಬ್ರೈಟ್‌ನೆಸ್ ಯಾವಾಗಲೂ ಫುಲ್. ಲ್ಯಾಪ್‌ಟಾಪಿನ ವಿವರದಲ್ಲಿ '45% ಎನ್‌ಟಿಎಸ್‌ಸಿ' ಅಂತಿದೆ. 27 ಇಂಚಿನ 4ಕೆ ತಗೊಳ್ಳಲಾ, 32 ಇಂಚಿನ ಕರ್ವ್ಡ್ ಗೇಮಿಂಗ್ ಮಾನಿಟರಾ?

ಉತ್ತರ:
ಇಲ್ಲಿರುವುದು ಎರಡು ತೊಂದರೆ, ಬೇರೆ ಬೇರೆ ಮಾಡಿ ನೋಡಿ.

ಪ್ರಿಂಟ್ ಕಪ್ಪಾಗುವುದಕ್ಕೆ ಕಾರಣ ಬ್ರೈಟ್‌ನೆಸ್. ತೆರೆ ಉರಿಯುತ್ತಿದ್ದರೆ ಕಣ್ಣಿಗೆ ಫೋಟೊ ಬೆಳ್ಳಗೆ ಕಾಣುತ್ತದೆ, ನೀವು ಎಕ್ಸ್‌ಪೋಷರ್ ಇಳಿಸುತ್ತೀರಿ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಹಾಗಾಗಿ ಇಳಿಸಿದ್ದಷ್ಟೂ ಕಪ್ಪಾಗಿ ಕೂರುತ್ತದೆ. ಮಾಮೂಲಿ ಮಾನಿಟರ್‌ಗಳು 250ರಿಂದ 350 ನಿಟ್ಸ್‌ವರೆಗೆ (ನಿಟ್ಸ್ ಅಂದರೆ ತೆರೆಯ ಬೆಳಕಿನ ಅಳತೆ) ಹೋಗುತ್ತವೆ. ಪ್ರಿಂಟ್‌ಗೆ ಬೇಕಾದದ್ದು 80ರಿಂದ 120. ಅಂದರೆ ಹೊಸ ಮಾನಿಟರ್ ತಂದು ಫುಲ್‌ನಲ್ಲೇ ಇಟ್ಟರೆ ಇದೇ ಕಥೆ. ಇವತ್ತೇ ಒಂದು ಪರೀಕ್ಷೆ ಮಾಡಿ: ನೀವು ಪ್ರಿಂಟ್ ನೋಡುವ ಬೆಳಕಿನಲ್ಲೇ ಒಂದು ಬಿಳಿ ಎ4 ಹಾಳೆಯನ್ನು ತೆರೆಯ ಪಕ್ಕ ಹಿಡಿಯಿರಿ, ತೆರೆಯ ಮೇಲೆ ಖಾಲಿ ಬಿಳಿ ಪುಟ ತೆರೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬಿಳುಪು ಅನ್ನಿಸುವವರೆಗೆ ಬ್ರೈಟ್‌ನೆಸ್ ಇಳಿಸಿ. ಮೊದಲ ಹತ್ತು ನಿಮಿಷ 'ಏನಿದು ಇಷ್ಟು ಮಬ್ಬು' ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ.

ಕೆಂಪು ಮುಖಕ್ಕೆ ಕಾರಣ ಆ 45%. ಎನ್‌ಟಿಎಸ್‌ಸಿ ಅಂದರೆ ತೆರೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವುದರ ಒಂದು ಅಳತೆ. ಆ ಲೆಕ್ಕದಲ್ಲಿ 72% ಇದ್ದರೆ ಹತ್ತಿರ ಹತ್ತಿರ ಪೂರ್ತಿ ಎಸ್‌ಆರ್‌ಜಿಬಿ, ಅಂದರೆ ಸಾಮಾನ್ಯ ಫೋಟೊಗಳು ಬಳಸುವ ಬಣ್ಣಗಳ ವ್ಯಾಪ್ತಿ. ನಿಮ್ಮ ತೆರೆ ಅದರ ಮೂರನೇ ಎರಡು ಭಾಗವನ್ನೂ ತೋರಿಸುವುದಿಲ್ಲ. ಕೆಂಪು ಸಪ್ಪೆಯಾಗಿ ಕಾಣುವುದರಿಂದ ಸ್ಯಾಚುರೇಶನ್ ಏರಿಸುತ್ತೀರಿ, ಒಳ್ಳೆಯ ತೆರೆಯ ಮೊಬೈಲ್ ಅದನ್ನು ಇದ್ದ ಹಾಗೇ ತೋರಿಸಿಬಿಡುತ್ತದೆ. ಕಡುಗೆಂಪು ರೇಷ್ಮೆ ಸೀರೆಯ ಫೋಟೊ ತೆರೆದು ನೋಡಿ: ಇಂಥ ತೆರೆಯಲ್ಲಿ ಮಡಿಕೆಯ ನೆರಳೆಲ್ಲ ಕರಗಿ ಇಡೀ ಸೆರಗು ಒಂದೇ ಬಣ್ಣದ ತೇಪೆಯ ಹಾಗೆ ಕಾಣುತ್ತದೆ. ಇದಕ್ಕೆ ಮಾತ್ರ ಮಾನಿಟರ್ ಬದಲಿಸಲೇಬೇಕು.

ಕರ್ವ್ಡ್ ಬೇಡ. ಅವು ಬಹುಪಾಲು ವಿಎ ಪ್ಯಾನೆಲ್ (ವಿಎ, ಟಿಎನ್, ಐಪಿಎಸ್ ಇವು ಎಲ್‌ಸಿಡಿ ತೆರೆಯ ಮೂರು ಬಗೆ), ತಲೆ ಸ್ವಲ್ಪ ಸರಿಸಿದರೆ ನೆರಳಿನ ಭಾಗದ ಛಾಯೆ ಬದಲಾಗುತ್ತದೆ. ಟಿಎನ್ ಅಂತೂ ಕೇಳಲೇಬೇಡಿ. ಐಪಿಎಸ್ ತಗೊಳ್ಳಿ, ಎಸ್‌ಆರ್‌ಜಿಬಿ 99% ಅಥವಾ ಹೆಚ್ಚು, ಡೆಲ್ಟಾ ಇ (ತೋರಿಸುವ ಬಣ್ಣ ನಿಜವಾದ ಬಣ್ಣದಿಂದ ಎಷ್ಟು ತಪ್ಪಿದೆ ಅನ್ನುವ ಅಳತೆ) 2ಕ್ಕಿಂತ ಕಡಿಮೆ ಅಂತ ಬರೆದಿರುವುದು. ಪೆಟ್ಟಿಗೆ ಮೇಲಿನ '1.67 ಕೋಟಿ ಬಣ್ಣ' ನಂಬಿ ಕೂರಬೇಡಿ. ನಿಜವಾಗಿ ಕಡಿಮೆ ಬಣ್ಣ ತೋರಿಸುವ 6 ಬಿಟ್ ಪ್ಯಾನೆಲ್ ಕೂಡ ಚುಕ್ಕಿಗಳನ್ನು ಮಿನುಗಿಸಿ ಆ ಲೆಕ್ಕ ತುಂಬಿಸುತ್ತದೆ.

ಇನ್ನೊಬ್ಬರು:
ಗಾತ್ರದ ಬಗ್ಗೆ ಸೇರಿಸುತ್ತೇನೆ. 27 ಇಂಚಿಗೆ 2560x1440 ಸರಿಯಾದ ಜೋಡಿ, ಇಂಚಿಗೆ ಸುಮಾರು 109 ಪಿಕ್ಸೆಲ್. ಅದೇ 27ರಲ್ಲಿ ಫುಲ್ ಎಚ್‌ಡಿ ಆದರೆ 82ಕ್ಕೆ ಇಳಿಯುತ್ತದೆ, ಶಾರ್ಪ್‌ನೆಸ್ ನೋಡಿ ನಿರ್ಧರಿಸುವುದು ಕಷ್ಟ. ದುಡ್ಡು ಕಡಿಮೆ ಇದ್ದರೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಸಾಕು. 4ಕೆ ಚೆಂದವೇ, ಆದರೆ ಹಳೇ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಪೋರ್ಟ್‌ನಿಂದ 4ಕೆ ಬರುವುದು 30 ಹರ್ಟ್ಸ್‌ನಲ್ಲಿ, ಮೌಸ್ ತಡವರಿಸುತ್ತದೆ. 1440ಕ್ಕೆ ಆ ತಕರಾರಿಲ್ಲ.

ಉಳಿದ ದುಡ್ಡಲ್ಲಿ ಕ್ಯಾಲಿಬ್ರೇಟರ್ (ತೆರೆಯ ಬಣ್ಣ ಅಳೆದು ಸರಿಪಡಿಸುವ ಸಾಧನ) ತಗೊಳ್ಳಿ, ಗೆಳೆಯರು ಇಬ್ಬರು ಮೂವರು ಸೇರಿ ಕೊಂಡರೂ ಆಯಿತು. ಮಾನಿಟರ್ ಅರ್ಧ ಗಂಟೆ ಉರಿದ ಮೇಲೆ ಗುರಿ 6500 ಕೆಲ್ವಿನ್ (ಬಿಳುಪಿನ ಛಾಯೆ), ಗಾಮಾ 2.2 (ಕಪ್ಪಿನಿಂದ ಬಿಳಿವರೆಗಿನ ನಡುವಿನ ಹೊಳಪು), 100ರಿಂದ 120 ನಿಟ್ಸ್ ಇಟ್ಟು ಓಡಿಸಿ.

ಮತ್ತೆ ಪ್ರಶ್ನೆ:
ಹಾಗಾದರೆ ಮೊದಲು ಈ ಲ್ಯಾಪ್‌ಟಾಪನ್ನೇ ಕ್ಯಾಲಿಬ್ರೇಟ್ ಮಾಡಿದರೆ? ಇನ್ನೊಂದು, ಅಂಗಡಿಯವರು ಅಡೋಬ್ ಆರ್‌ಜಿಬಿ ಮಾನಿಟರೇ ಬೇಕು ಅಂತಾರೆ.

ಉತ್ತರ:
ಲ್ಯಾಪ್‌ಟಾಪನ್ನು ಕ್ಯಾಲಿಬ್ರೇಟ್ ಮಾಡಿದರೆ ಬೂದು ಬಣ್ಣ ನೆಟ್ಟಗಾಗುತ್ತದೆ, ಇಲ್ಲದ ಕೆಂಪು ಹುಟ್ಟುವುದಿಲ್ಲ. ಅಡೋಬ್ ಆರ್‌ಜಿಬಿ ಅಂದರೆ ಎಸ್‌ಆರ್‌ಜಿಬಿಗಿಂತ ಅಗಲವಾದ ಬಣ್ಣದ ವ್ಯಾಪ್ತಿ, ಅದು ಬೇಕಾಗುವುದು ಸ್ವಂತ ಇಂಕ್‌ಜೆಟ್‌ನಲ್ಲಿ ಫೈನ್ ಆರ್ಟ್ ಪ್ರಿಂಟ್ ತೆಗೆಯುವವರಿಗೆ. ನಿಮ್ಮ ಲ್ಯಾಬ್ ಎಸ್‌ಆರ್‌ಜಿಬಿ ಜೆಪೆಗ್ ಕೇಳುತ್ತದಾ ವಿಚಾರಿಸಿ, ಸಾಮಾನ್ಯವಾಗಿ ಕೇಳುವುದು ಅದನ್ನೇ. ಅಗಲ ಬಣ್ಣದ ಮಾನಿಟರ್ ತಗೊಂಡರೂ ಅದರಲ್ಲಿ ಎಸ್‌ಆರ್‌ಜಿಬಿ ಮೋಡ್ ಇರಲಿ. ಕೆಲವು ಮಾಡೆಲ್‌ಗಳಲ್ಲಿ ಆ ಮೋಡ್ ಹಾಕಿದ ಕೂಡಲೇ ಬ್ರೈಟ್‌ನೆಸ್ ಬಟನ್ ಲಾಕ್ ಆಗುತ್ತದೆ. ಅಂಗಡಿಯಲ್ಲೇ ಒತ್ತಿ ನೋಡಿ.

ಮನೆಗೆ ತಂದ ಮೇಲೆ ನೈಟ್ ಲೈಟ್, ಡೈನಾಮಿಕ್ ಕಾಂಟ್ರಾಸ್ಟ್ ಎರಡೂ ಆಫ್ ಮಾಡಿ. ಎಚ್‌ಡಿಎಂಐನಲ್ಲಿ ಕಪ್ಪು ಬೂದಿಯ ಹಾಗೆ ತೇಲಿದರೆ ಪ್ಯಾನೆಲ್ ಮೇಲೆ ತಪ್ಪು ಹೊರಿಸುವ ಮೊದಲು ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ರೇಂಜ್ 'ಲಿಮಿಟೆಡ್' ಆಗಿದೆಯಾ ನೋಡಿ, 'ಫುಲ್' ಮಾಡಿ. ರಾತ್ರಿ ದೀಪ ಆರಿಸಿ ಪೂರ್ತಿ ಕಪ್ಪು, ಆಮೇಲೆ ಪೂರ್ತಿ ಬೂದು ಚಿತ್ರ ಹಾಕಿ. ಐಪಿಎಸ್‌ನಲ್ಲಿ ಮೂಲೆಗಳು ಅಲ್ಪಸ್ವಲ್ಪ ಬೆಳಗುವುದು ಮಾಮೂಲು. ಒಂದು ಪಕ್ಕ ಹಳದಿ, ಇನ್ನೊಂದು ಪಕ್ಕ ನೀಲಿ ಕಂಡರೆ ರಿಟರ್ನ್ ದಿನ ಮುಗಿಯುವುದರೊಳಗೆ ವಾಪಸ್ ಕಳಿಸಿ. ಪೆಟ್ಟಿಗೆ, ಥರ್ಮಾಕೋಲ್ ಅಲ್ಲಿವರೆಗೆ ಗುಜರಿಗೆ ಹಾಕಬೇಡಿ.