‘ಪಾಟ್ಟಕೃಷಿ’ಗೆ ಕನ್ನಡ ಫಲಕದಲ್ಲಿ ಯಾವ ಪದ?

ಮಾನ್ಯರೇ,

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆ ಹಡಿಲು (ಬೇಸಾಯವಿಲ್ಲದೆ ಪಾಳು) ಬಿದ್ದಿದ್ದ ಗದ್ದೆಯೊಂದನ್ನು, ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಐವರು ಹೆಂಗಸರ ಗುಂಪು ಎರಡು ವರ್ಷದ ಮಟ್ಟಿಗೆ ವಹಿಸಿಕೊಂಡು ಏಣಿಲು (ಮಳೆಗಾಲದ ಭತ್ತದ) ಬೆಳೆ ಮಾಡುತ್ತಿದೆ. ಮಲಯಾಳ ಫಲಕದಲ್ಲಿ ‘ಪಾಟ್ಟಕೃಷಿ’ (ಇನ್ನೊಬ್ಬರ ನೆಲವನ್ನು ಪಡೆದು ಮಾಡುವ ಬೇಸಾಯ) ಎಂದಿದೆ. ಅದರ ಕೆಳಗಿನ ಕನ್ನಡ ಸಾಲು ನಾಳೆ ಬೆಳಗ್ಗೆಯೇ ಪೈಂಟರ ಕೈಸೇರಬೇಕು. ನಾನು ‘ಗುತ್ತಿಗೆ ಕೃಷಿ’ ಎಂದು ಬರೆದಿದ್ದೆ. ಒಬ್ಬರು ಅದನ್ನು ‘ಪಟ್ಟೆ ಕೃಷಿ’ ಎಂದು ತಿದ್ದಿದ್ದಾರೆ. ಯಾವುದನ್ನು ಇಟ್ಟುಕೊಳ್ಳಲಿ?

ಉತ್ತರ:

ಎರಡನ್ನೂ ಬಿಡಿ. ‘ಪಟ್ಟೆ’ ಅರ್ಥವನ್ನೇ ತಲೆಕೆಳಗು ಮಾಡುತ್ತದೆ: ಪಾಟ್ಟವೆಂದರೆ ಒಡೆಯನಿಗೆ ಸಲ್ಲಬೇಕಾದದ್ದು, ಪಟ್ಟೆಯೆಂದರೆ ಒಡೆತನದ ದಾಖಲೆ. ಗದ್ದೆಯ ಯಜಮಾನರು ಓದಿದ ದಿನವೇ ಫಲಕವನ್ನು ಕೀಳಿಸಿಯಾರು. ‘ಗುತ್ತಿಗೆ ಕೃಷಿ’ಯನ್ನು ಪತ್ರಿಕೆಗಳು ಕಂಪನಿಯೊಡನೆ ಮೊದಲೇ ಬೆಲೆ ಗೊತ್ತುಮಾಡಿಕೊಂಡು ಬೆಳೆಯುವ ಪದ್ಧತಿಗೆ ಬಳಸುತ್ತವೆ, ಅಲ್ಲದೆ ‘ಗುತ್ತಿಗೆ ಕಾರ್ಮಿಕ’ರ ನೆನಪು ತರುವ ಆ ಮಾತು, ದಿನಗೂಲಿ ಬಿಟ್ಟು ತಮ್ಮದೇ ಬೇಸಾಯಕ್ಕಿಳಿದ ಹೆಂಗಸರ ಮೇಲೆ ಮತ್ತೆ ಕೂಲಿಯ ಹೆಸರನ್ನೇ ಹೊರಿಸುತ್ತದೆ.

ನಮ್ಮ ಪದ ಗೇಣಿ, ಎಂದರೆ ಉಳುವ ನೆಲಕ್ಕಾಗಿ ಒಡೆಯನಿಗೆ ಕೊಡುವ ಪಾಲು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಈ ನೆಲದ ಹಳೆಯ ಪತ್ರಗಳಲ್ಲಿ ಮೂಲಗೇಣಿ (ಶಾಶ್ವತ), ಚಾಲಗೇಣಿ (ಒಡೆಯನ ಇಚ್ಛೆ ಇರುವವರೆಗಿನದು), ವಾಯಿದೆಗೇಣಿ (ಗೊತ್ತಾದ ಅವಧಿಯದು) ಎಂಬ ಭೇದಗಳಿವೆ. ಧಣಿಗಳ ಚಾವಡಿಗೆ ಗೇಣಿಯ ಅಕ್ಕಿಮುಡಿ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹೊತ್ತವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವಧಿಗೊಪ್ಪಿಸಿದ ಭೂಮಿಗೆ ‘ವಾಯಿದೆಗೇಣಿ’ಯೇ ಸರಿ.

‘ಗೇಣಿ’ ಎಂದರೆ ಯಜಮಾನರು ಅಳುಕುತ್ತಾರೆಂದು ನೀವು ಹೇಳಬಹುದು. 1970ರ ಜನವರಿ 1ರಂದು ಗೇಣಿದಾರರಿಗೆ ನೆಲದ ಹಕ್ಕು ತಂದುಕೊಟ್ಟ ಕೇರಳದ ಭೂಸುಧಾರಣಾ ಕಾಯಿದೆಯೇ ಹೊಸ ಗೇಣಿಯನ್ನು 74ನೆಯ ಸೆಕ್ಷನ್ನಿನಲ್ಲಿ ತಡೆಯುವುದರಿಂದ ಅಳುಕು ಸಹಜವೇ. ಆದರೆ ‘ಪಾಟ್ಟ’ಕ್ಕೂ ಅದೇ ಚರಿತ್ರೆಯಿದೆ. ಮೇಲಿನ ಸಾಲು ಬಾಯಿಬಿಟ್ಟು ಹೇಳಿದ್ದನ್ನು ಕೆಳಗಿನ ಸಾಲು ಮುಚ್ಚಿಡುವುದು ಅನುವಾದವಲ್ಲ. ಮುಜುಗರವಿದ್ದರೆ ಎರಡೂ ಸಾಲುಗಳನ್ನು ಅಳಿಸಿ ‘ಹಡಿಲು ಗದ್ದೆಯಲ್ಲಿ ಕೂಡುಬೇಸಾಯ’ ಎಂದು ಬರೆಯಿಸಿ, ಮಲಯಾಳವನ್ನೂ ಹಾಗೆಯೇ ತಿದ್ದಿಸಿ.

‘ವಾಯಿದೆ’ ಅರಬ್ಬಿಯಿಂದ ಬಂದದ್ದೆಂದು ಮೂಗು ಮುರಿಯುವವರು ಅರಬ್ಬಿ, ಪಾರಸಿಗಳಿಂದಲೇ ಬಂದ ‘ರೈತ’, ‘ಜಮೀನು’ಗಳನ್ನು ಮೊದಲು ತಮ್ಮ ಬರಹದಿಂದ ತೆಗೆಯಲಿ, ಆಮೇಲೆ ಮಾತಾಡೋಣ. ಗೇಣಿಯನ್ನು ಗೇಣಿನ ಅಳತೆಗೆ ಗಂಟುಹಾಕುವ ವ್ಯುತ್ಪತ್ತಿಯನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಉಚ್ಚಾರದ ಹೋಲಿಕೆಯೊಂದೇ ಆಧಾರವಾಗದು. ಪೈಂಟರಿಗೆ ಮಾತ್ರ ಒಂದು ಮಾತು ಹೇಳಿ: ‘ವಾಯಿದೆಗೇಣಿ’ ಒಂದೇ ಪದ, ನಡುವೆ ಜಾಗ ಬಿಡುವುದು ಬೇಡ.