ಇಜಿಎಫ್‌ಆರ್ 28, ಪೊಟ್ಯಾಸಿಯಂ 5.6: ಕೊಡಗಿನ ಊಟದಲ್ಲಿ ಏನು ಬಿಡಬೇಕು, ಕಿಡ್ನಿ ಡಯಟಿಷಿಯನ್ ಎಲ್ಲಿ ಸಿಗ್ತಾರೆ?

ಗೋಣಿಕೊಪ್ಪ_ತೋಟ:
ಅಮ್ಮನಿಗೆ 62 ವರ್ಷ, ತೂಕ 52 ಕೆಜಿ. ಕ್ರಿಯಾಟಿನಿನ್ (ಸ್ನಾಯುವಿನಿಂದ ಬರುವ, ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) 2.0, ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) 28, ಪೊಟ್ಯಾಸಿಯಂ 5.6, ಬೈಕಾರ್ಬನೇಟ್ 20. ಶುಗರ್ ಇಲ್ಲ. ಬಿಪಿಗೆ ಟೆಲ್ಮಿಸಾರ್ಟನ್ 40. ಕಾಲು ಊತ ಇಲ್ಲ, ಮೂತ್ರ ಸರಿಯಾಗಿ ಹೋಗುತ್ತೆ. ಕೈಗೆ ಕೊಟ್ಟ ಚಾರ್ಟಿನಲ್ಲಿ ಚಪಾತಿ, ಓಟ್ಸ್, ಪನೀರ್ ಅಂತೆಲ್ಲ ಇದೆ. ನಮ್ಮ ಮನೆಯಲ್ಲಿ ಅಕ್ಕಿ ಒಟ್ಟಿ (ರೊಟ್ಟಿ), ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ), ಭಾನುವಾರ ಪಂದಿ ಕರಿ (ಹಂದಿಮಾಂಸದ ಸಾರು). ಇದರಲ್ಲಿ ಯಾವುದು ಉಳಿಯುತ್ತೆ? ಕಿಡ್ನಿ ವಿಷಯ ಗೊತ್ತಿರುವ ಡಯಟಿಷಿಯನ್ ಜಿಲ್ಲೆಯೊಳಗೆ ಸಿಗ್ತಾರಾ, ಮೈಸೂರಿಗೇ ಹೋಗಬೇಕಾ?

ಲ್ಯಾಬ್_ಮೇಜು:
ಊಟ ಬಿಡಿಸುವ ಮುಂಚೆ ಆ 5.6 ನಿಜವಾ ನೋಡಿ. ಊರಲ್ಲಿ ರಕ್ತ ತೆಗೆದು, ಬೇರ್ಪಡಿಸದೆ ಹಾಗೇ ಬೇರೆ ಊರಿನ ಲ್ಯಾಬಿಗೆ ಕಳಿಸಿದರೆ, ಅದರಲ್ಲೂ ಐಸ್ ಡಬ್ಬಿಯಲ್ಲಿಟ್ಟರೆ, ರಕ್ತಕಣದೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತೆ. ಪಟ್ಟಿ ಬಿಗಿದು ಮುಷ್ಟಿ ಹಿಸುಕಿಸಿ ರಕ್ತ ಎಳೆದರೂ ಅಂಕಿ ಸುಳ್ಳು ಹೇಳುತ್ತೆ. ಆಸ್ಪತ್ರೆಯ ಲ್ಯಾಬಿನಲ್ಲೇ ರಕ್ತ ಕೊಟ್ಟು ಅಲ್ಲೇ ಪರೀಕ್ಷೆ ಮಾಡಿಸಿ, ಈ ವಾರದಲ್ಲೇ. ರಿಪೋರ್ಟಿನಲ್ಲಿ ‘ಹೀಮೋಲೈಸ್ಡ್’ (ರಕ್ತಕಣ ಒಡೆದಿದೆ) ಅಂತ ಬರೆದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮತ್ತೆ ಕೊಡಿ.

6 ದಾಟಿದ್ದರೆ ಅದು ಡಯಟ್ ವಿಷಯ ಅಲ್ಲ. ಅದೇ ದಿನ ಆಸ್ಪತ್ರೆ, ಇಸಿಜಿ.

ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಏರಿಸುತ್ತೆ, ನಿಜ. ಆದರೆ ಕಿಡ್ನಿ ಕಾಯುವುದೂ ಅದೇ, ನೀವಾಗಿ ನಿಲ್ಲಿಸಬೇಡಿ. ಬೈಕಾರ್ಬನೇಟ್ ಕಮ್ಮಿ, 20 ಇರುವುದನ್ನು ಡಾಕ್ಟರಿಗೆ ಬೆರಳಿಟ್ಟು ತೋರಿಸಿ: ರಕ್ತ ಆಮ್ಲೀಯವಾದರೂ ಪೊಟ್ಯಾಸಿಯಂ ಏರುತ್ತೆ. ಇನ್ನೊಂದು, ಮಲಬದ್ಧತೆ ಇದೆಯಾ ಕೇಳಿ. ಕಿಡ್ನಿ ಸೋತಾಗ ಪೊಟ್ಯಾಸಿಯಂ ಹೊರಹಾಕುವ ಕೆಲಸದಲ್ಲಿ ಕರುಳಿನ ಪಾಲು ಹೆಚ್ಚಾಗುತ್ತೆ.

ಕಡಂಬುಟ್ಟು_ಪ್ರಿಯ:
ಬೇಳೆಕಾಳು ಪೂರ್ತಿ ನಿಲ್ಲಿಸಿ, ಫಾಸ್ಫರಸ್ ಜಾಸ್ತಿ. ಪ್ರೋಟೀನ್ ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು.

ಪಥ್ಯ_ಲೆಕ್ಕ:
ಮೇಲಿನ ಎರಡೂ ಮಾತು ತಪ್ಪು. ಬೇಳೆಯ ಫಾಸ್ಫರಸ್ ಫೈಟೇಟ್ ರೂಪದಲ್ಲಿರುತ್ತೆ, ಅರ್ಧದಷ್ಟೂ ಮೈಗೆ ಹತ್ತುವುದಿಲ್ಲ. ಮೈಗೆ ಹೆಚ್ಚುಕಮ್ಮಿ ಪೂರ್ತಿ ಹತ್ತುವುದು ಕೋಲಾ, ಸಾಸೇಜು, ಪ್ಯಾಕೆಟ್ ತಿಂಡಿಗೆ ಹಾಕುವ ಫಾಸ್ಫೇಟು. ಪ್ರೋಟೀನ್ ಮನಸ್ಸಿಗೆ ಬಂದಷ್ಟು ಇಳಿಸಿದರೆ ಸ್ನಾಯು ಕರಗುತ್ತೆ. ಸ್ನಾಯು ಕರಗಿದರೆ ಕ್ರಿಯಾಟಿನಿನ್ನೂ ಇಳಿಯುತ್ತೆ, ಮನೆಯವರು ಗುಣ ಆಯ್ತು ಅಂತ ಖುಷಿಪಡ್ತಾರೆ. ಹಾಗಾಗಿ ತಿಂಗಳಿಗೊಮ್ಮೆ ತೂಕ ಬರೆದಿಡಿ.

ಡಯಾಲಿಸಿಸ್ ಇಲ್ಲದ ಈ ಹಂತಕ್ಕೆ 2024ರ ಕೆಡಿಗೋ (ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆ) ಮಾರ್ಗಸೂಚಿ ಹೇಳುವುದು ಕೆಜಿಗೆ 0.8 ಗ್ರಾಂ, ಅಂದರೆ ಅಮ್ಮನಿಗೆ ದಿನಕ್ಕೆ 42 ಗ್ರಾಂ ಹತ್ತಿರ. 0.6ಕ್ಕೆ, ಅಂದರೆ 31 ಗ್ರಾಂಗೆ, ಇಳಿಸುವುದು ಡಯಟಿಷಿಯನ್ ಕಣ್ಗಾವಲಿನಲ್ಲಿ ಮಾತ್ರ. ಮುಂದೆ ಡಯಾಲಿಸಿಸ್ ಶುರುವಾದರೆ ಲೆಕ್ಕ ತಿರುವುಮುರುವು, 1.0ರಿಂದ 1.2 ಬೇಕು. ಪಕ್ಕದ ಮನೆಯವರ ಚಾರ್ಟು ಕೆಲಸಕ್ಕೆ ಬಾರದಿರುವುದು ಇದಕ್ಕೇ.

42 ಗ್ರಾಂ ಹೀಗೆ ಕೂಡಿಸಿ. ಇಡೀ ದಿನಕ್ಕೆ 250 ಗ್ರಾಂ ಅಕ್ಕಿ (ಒಟ್ಟಿ, ಪುಟ್ಟು, ಅನ್ನ ಎಲ್ಲ ಸೇರಿ) ಸುಮಾರು 20, ಹಾಲು 200 ಮಿ.ಲೀ. 6ರಿಂದ 7, ಒಂದು ಮೊಟ್ಟೆ 6, ಬೇಳೆ 20 ಗ್ರಾಂ 4ರಿಂದ 5, ತರಕಾರಿ 3. ಭಾನುವಾರ ಮೊಟ್ಟೆ, ಬೇಳೆ ಎರಡೂ ಬಿಟ್ಟು 50 ಗ್ರಾಂ ಹಂದಿಮಾಂಸ, ಹಸಿಯದರ ತೂಕ, ಕೊಬ್ಬು ತೆಗೆದದ್ದು: ಅದು 10 ಗ್ರಾಂ ಪ್ರೋಟೀನ್. 50 ಗ್ರಾಂ ಅಂದರೆ ಎರಡು ಸಣ್ಣ ತುಂಡು. ತಟ್ಟೆ ತುಂಬ ಅಲ್ಲ. ಹಸಿವಾದರೆ ಇನ್ನೊಂದು ಕಡಂಬುಟ್ಟು, ಮೇಲೊಂದು ಚಮಚ ತುಪ್ಪ. ಕೆಜಿಗೆ 30 ಕ್ಯಾಲೊರಿ, 1,560ರ ಸುಮಾರು ಹೋಗಲೇಬೇಕು.

ಅಕ್ಕಿಯಲ್ಲಿ ಪೊಟ್ಯಾಸಿಯಂ ತೀರಾ ಕಮ್ಮಿ. ಇಡೀ ಗೋಧಿಯ ಚಪಾತಿಗಿಂತ ನಿಮ್ಮ ಒಟ್ಟಿಯೇ ಈ ರಿಪೋರ್ಟಿಗೆ ವಾಸಿ. ಚಾರ್ಟ್ ಬರೆದವರು ಕಡಂಬುಟ್ಟು ನೋಡಿರಲಿಕ್ಕಿಲ್ಲ.

ಕಾಚಂಪುಳಿ:
ಎಡವಟ್ಟಾಗುವುದು ಅಕ್ಕಿಯಲ್ಲಲ್ಲ, ಅದರ ಜೊತೆಗಿರುವುದರಲ್ಲಿ. ಇಡೀ ದಿನಕ್ಕೆ ಉಪ್ಪು 5 ಗ್ರಾಂ, ಮಟ್ಟಸ ಒಂದು ಟೀ ಚಮಚ. ಬೆಳಿಗ್ಗೆಯೇ ಅಷ್ಟನ್ನು ಸಣ್ಣ ಡಬ್ಬಿಗೆ ಹಾಕಿಡಿ, ಅಮ್ಮನ ಪಾಲಿನ ಉಪ್ಪು ಅದರಿಂದಲೇ ಬರಲಿ. ಒಟ್ಟಿ, ಪುಟ್ಟಿನ ಹಿಟ್ಟಿಗೆ ಉಪ್ಪೇ ಬೇಡ, ಕರಿಯಲ್ಲಿ ಇರುತ್ತಲ್ಲ. ಕರಿಯ ಉಪ್ಪು ಅರ್ಧಕ್ಕಿಳಿಸಿ, ಇಳಿಸುವ ಮುಂಚೆ ಅರ್ಧ ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಹುರಿದು ಕುಟ್ಟಿದ ಕರಿಮೆಣಸು ಹಾಕಿದರೆ ನಾಲಿಗೆಗೆ ಅಷ್ಟು ಗೊತ್ತಾಗಲ್ಲ. ಮಳೆಗಾಲದ ಒಣಮೀನು, ಉಪ್ಪಿನಕಾಯಿ, ಹಪ್ಪಳ ಬಂದ್.

‘ಲೋ ಸೋಡಿಯಂ’ ಉಪ್ಪು ಮನೆಯೊಳಗೇ ತರಬೇಡಿ, ಅದರಲ್ಲಿ ಸೋಡಿಯಂ ಬದಲಿಗೆ ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಇಂದುಪ್ಪು ಅಂತೀರಾ, ಅದೂ ಸೋಡಿಯಂ ಕ್ಲೋರೈಡೇ, ಬೆಲೆ ಮಾತ್ರ ಬೇರೆ.

ತರಕಾರಿ ಬರೀ ನೀರಲ್ಲಿ ನೆನೆಸಿಟ್ಟರೆ ಪೊಟ್ಯಾಸಿಯಂ ಹೆಚ್ಚೇನೂ ಹೋಗಲ್ಲ. ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ತೆರೆದ ಪಾತ್ರೆಯಲ್ಲಿ ನಾಲ್ಕೈದು ಪಟ್ಟು ನೀರಿಟ್ಟು 10 ನಿಮಿಷ ಕುದಿಸಿ, ಬಸಿದು, ಆಮೇಲೆ ಒಗ್ಗರಣೆ. ಆಲೂ, ಗೆಣಸು, ಕೆಸುವಿನ ಎಲೆ ಎಲ್ಲಕ್ಕೂ ಇದೇ. ಬಸಿದ ನೀರನ್ನು ಸಾರಿಗೆ ಸೇರಿಸಿದರೆ ಮಾಡಿದ್ದೆಲ್ಲ ವ್ಯರ್ಥ, ಕುಕ್ಕರಿನಲ್ಲಿ ನೀರು ಇಂಗಿಸಿದರೂ ಅಷ್ಟೇ.

ಹಿತ್ತಲ ಹಣ್ಣು: ಬಾಳೆಹಣ್ಣು, ಬೆಣ್ಣೆಹಣ್ಣು, ಹಲಸು, ಎಳನೀರು ಸದ್ಯಕ್ಕೆ ಬೇಡ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲೇ 400 ಮಿಲಿಗ್ರಾಂ ಪೊಟ್ಯಾಸಿಯಂ. ಅನಾನಸ್ ಎರಡು ಹೋಳು ಅಥವಾ ಅರ್ಧ ಸೇಬು ಪರವಾಗಿಲ್ಲ. ಕಿತ್ತಳೆ ಜ್ಯೂಸ್ ಬೇಡ, ಪೊಟ್ಯಾಸಿಯಂ ಇಳಿದ ಮೇಲೆ ಸಣ್ಣದೊಂದು ಹಣ್ಣು ನೋಡೋಣ. ನೂಪುಟ್ಟಿಗೆ ಕಾಯಿಹಾಲು, ಬೆಲ್ಲ, ಬಾಳೆಹಣ್ಣು ಮೂರೂ ಸೇರಿದರೆ ಪೊಟ್ಯಾಸಿಯಂ ಮೂರು ಕಡೆಯಿಂದ. ಶುಗರ್ ಇಲ್ಲದ್ದರಿಂದ ತೆಳು ಕಾಯಿಹಾಲಿಗೆ ಸಕ್ಕರೆ ಹಾಕಿ ಕೊಡಿ.

ಕಮರಾಕ್ಷಿ, ಅದೇ ನಕ್ಷತ್ರದ ಆಕಾರದ ಹುಳಿಹಣ್ಣು, ಒಂದು ಹೋಳೂ ಕೂಡದು. ಕಿಡ್ನಿ ಸೋತವರಲ್ಲಿ ಅದರ ವಿಷ ಹೊರಹೋಗದೆ ಮಿದುಳಿಗೇರುತ್ತೆ: ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ಬಿಂಬುಳಿ ಜ್ಯೂಸೂ ಬೇಡ, ಆಕ್ಸಲೇಟ್.

ಗೋಣಿಕೊಪ್ಪ_ತೋಟ:
ಬೈಂಬಳೆ (ಬಿದಿರಿನ ಕಣಿಲೆ)? ಕಾಫಿ?

ಕಾಚಂಪುಳಿ:
ಹಸಿ ಕಣಿಲೆಯನ್ನು ಹೆಚ್ಚಿ ದಿನವೂ ನೀರು ಬದಲಿಸಿ ನೆನೆಸುವುದು ಹೇಗೂ ಇದ್ದದ್ದೇ, ಕುದಿಸಿದ ಮೊದಲ ನೀರನ್ನೂ ಚೆಲ್ಲಿ, ವಾರಕ್ಕೊಮ್ಮೆ ಸಣ್ಣ ಬಟ್ಟಲು. ಉಪ್ಪಿನಲ್ಲಿಟ್ಟ ಬೈಂಬಳೆ ಬೇಡ. ಕಾಫಿ ದಿನಕ್ಕೆ ಎರಡು ಸಣ್ಣ ಲೋಟ, ಹಾಲು ಮೇಲಿನ 200ರೊಳಗೇ ಬರಲಿ. ಊತ ಇಲ್ಲ ಅಂದಿರಿ, ಹಾಗಾಗಿ ನೀರಿಗೆ ಕಟ್ಟು ಬೇಡ.

ಪಥ್ಯ_ಲೆಕ್ಕ:
ಡಯಟಿಷಿಯನ್ ವಿಷಯ. ಮೊದಲು ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿನ ಡಯಾಲಿಸಿಸ್ ಘಟಕದ ಸಿಬ್ಬಂದಿಗೆ ಯಾರನ್ನು ಕಾಣಬೇಕು ಅನ್ನುವುದು ಗೊತ್ತಿರುತ್ತೆ. ಆಗದಿದ್ದರೆ ಮೈಸೂರು ಅಥವಾ ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳು. ‘ಡಯಟಿಷಿಯನ್ ಇದ್ದಾರಾ’ ಅಂತ ಕೇಳಬೇಡಿ, ಎಲ್ಲ ಕಡೆ ಇರ್ತಾರೆ. ‘ನೆಫ್ರಾಲಜಿ ಓಪಿಡಿಯ ರೋಗಿಗಳನ್ನು ನೋಡುವ ಡಯಟಿಷಿಯನ್ ಯಾವ ದಿನ ಇರ್ತಾರೆ’ ಅಂತ ಫೋನಿನಲ್ಲಿ ಕೇಳಿ, ನೆಫ್ರಾಲಜಿಸ್ಟ್ ಭೇಟಿಯೂ ಅದೇ ದಿನಕ್ಕೆ ಇಟ್ಟುಕೊಳ್ಳಿ. ಹೆಸರಿನ ಮುಂದೆ ಆರ್‌ಡಿ ಇದ್ದರೆ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ನಿನ ಪರೀಕ್ಷೆ ಪಾಸಾದವರು. ಒಮ್ಮೆ ಮುಖತಃ ಕಂಡ ಮೇಲೆ ಮುಂದಿನದು ವಿಡಿಯೋ ಕಾಲಲ್ಲಿ ಆಗುತ್ತೆ.

ಒಯ್ಯಬೇಕಾದ್ದು: ಮೂರು ತಿಂಗಳ ರಿಪೋರ್ಟುಗಳು (ಫಾಸ್ಫರಸ್, ಅಲ್ಬುಮಿನ್, ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಸೇರಿಸಿ), ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳು, ನೋವಿನ ಮಾತ್ರೆ, ಕಷಾಯದ ಬಾಟಲಿ ಸಹಿತ. ಮೂರು ದಿನ ತಿಂದದ್ದೆಲ್ಲ ಬರೆದಿರಲಿ, ಅದರಲ್ಲೊಂದು ಭಾನುವಾರ. ಮನೆಯ ಲೋಟ, ಸೌಟು ಒಯ್ದರೆ ಅಳತೆ ಹೇಳುವುದು ಸಲೀಸು. 24 ಗಂಟೆಯ ಮೂತ್ರದ ಸೋಡಿಯಂ ಮಾಡಿಸಿದ್ದರೆ ಇನ್ನೂ ಒಳ್ಳೆಯದು: 85 ಮಿಲಿಮೋಲ್ ಅಂದರೆ 5 ಗ್ರಾಂ ಉಪ್ಪು, 170 ಬಂದರೆ 10. ಬಾಯಲ್ಲಿ ಹೇಳುವ ಲೆಕ್ಕ ಅಲ್ಲಿ ನಡೆಯಲ್ಲ. ರಿಪೋರ್ಟ್ ಕೇಳದೆ ಅಚ್ಚು ಹಾಕಿದ ಚಾರ್ಟ್ ಚಾಚಿದರೆ, ಇಲ್ಲವೇ ಪ್ರೋಟೀನ್ ಪುಡಿ ಡಬ್ಬ ಮುಂದಿಟ್ಟರೆ, ಎದ್ದು ಬನ್ನಿ.

ಗೋಣಿಕೊಪ್ಪ_ತೋಟ:
ಕೊನೆಯದೊಂದು. ಕಕ್ಕಡ ಪದಿನೆಟ್ಟಿಗೆ (ಕಕ್ಕಡ ತಿಂಗಳ 18ನೇ ದಿನ) ಮದ್ದುಸೊಪ್ಪಿನ ರಸ ಹಾಕಿ ಮದ್ದುಪಾಯಸ ಮಾಡ್ತೇವೆ, ಒಂದು ಚಮಚ ಕೊಡಬಹುದಾ?

ಲ್ಯಾಬ್_ಮೇಜು:
ಬೆಲ್ಲ, ಕಾಯಿಹಾಲಿನ ಮಾತು ಒತ್ತಟ್ಟಿಗಿರಲಿ. ಮದ್ದುಸೊಪ್ಪು ತಿಂದ ಮರುದಿನ ಮೂತ್ರ ಕೆಂಪಾಗುತ್ತಲ್ಲ, ಅದರ ಸಾರ ಕಿಡ್ನಿಯ ಮೂಲಕವೇ ಹೋಗುತ್ತೆ ಅಂತ ಅರ್ಥ. ನಾನಾದರೆ ಕೊಡಲ್ಲ. ಅವರು ಹಟ ಹಿಡಿದು ತಿಂದರೆ ಎರಡು ದಿನ ಯೂರಿನ್ ಟೆಸ್ಟಿಗೆ ಕೊಡಬೇಡಿ, ಆ ಬಣ್ಣಕ್ಕೆ ಸ್ಟ್ರಿಪ್ ಸರಿಯಾಗಿ ಓದಲು ಬರಲ್ಲ.