ಹಳೆಯ ಡಿಸೈರ್‌ಗೆ 185/65 ಟೈರ್ ಹಾಕಿಸಬಹುದೇ?

ಪ್ರಶ್ನೆ:
ನನ್ನಲ್ಲಿ 2010ರ ಸ್ವಿಫ್ಟ್ ಡಿಸೈರ್ ವಿಎಕ್ಸ್‌ಐ ಇದೆ. ಕಂಪನಿ ಕೊಟ್ಟ ಅಳತೆ 165/80 ಆರ್14. ನಾಲ್ಕೂ ಟೈರ್‌ಗಳು ಸವೆದಿರುವುದರಿಂದ ಅಂಗಡಿಯಲ್ಲಿ ವಿಚಾರಿಸಿದಾಗ, ಆ ಅಳತೆ ದಾಸ್ತಾನಿನಲ್ಲಿ ಇಲ್ಲವೆಂದೂ 185/65 ಹಾಕಿಸಿದರೆ ತೊಂದರೆಯಿಲ್ಲವೆಂದೂ ಹೇಳಿದರು. ಇದು ಸರಿಯೇ? ರಿಮ್ ಬದಲಿಸಬೇಕೇ?

ಉತ್ತರ 1:
185/65 ಬೇಡ. ಮೊದಲ ಸಂಖ್ಯೆ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ, ಆರ್14ರಲ್ಲಿನ 14 ಇಂಚಿನಲ್ಲಿ ರಿಮ್‌ನ ವ್ಯಾಸ; ಎರಡನೆಯ ಸಂಖ್ಯೆ ಟೈರಿನ ಪಕ್ಕದ ಎತ್ತರವು ಅಗಲದ ಶೇಕಡಾ ಎಷ್ಟು ಎಂಬುದನ್ನು ಹೇಳುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಈಗಿನ ಟೈರಿನ ಹೊರವ್ಯಾಸ ಸುಮಾರು 620 ಮಿ.ಮೀ., 185/65ರದ್ದು 596 ಮಾತ್ರ. ಅಂದರೆ ಕಾರು ಸುಮಾರು 12 ಮಿ.ಮೀ. ತಗ್ಗುತ್ತದೆ (ನಮ್ಮ ಊರುಗಳ ಹಂಪ್‌ಗಳನ್ನು ನೆನೆದರೆ ಇದು ಸಣ್ಣ ನಷ್ಟವಲ್ಲ), ಸ್ಪೀಡೋಮೀಟರ್ ಈಗಿನದಕ್ಕಿಂತ ಶೇ. 4ರಷ್ಟು ಹೆಚ್ಚು ತೋರಿಸುತ್ತದೆ. ಇದೇ ಕಾರಿನ ಝಡ್‌ಎಕ್ಸ್‌ಐ ಮಾದರಿಗೆ ಕಂಪನಿಯೇ 185/70 ಆರ್14 ಕೊಡುತ್ತಿತ್ತು. ಅದರ ವ್ಯಾಸ 615 ಆದ್ದರಿಂದ ವ್ಯತ್ಯಾಸ ಶೇ. 1ನ್ನೂ ಮುಟ್ಟುವುದಿಲ್ಲ. ನಿಮ್ಮ 5 ಇಂಚು ಅಗಲದ ರಿಮ್‌ಗೇ ಅದು ಕೂರುತ್ತದೆ.

ಉತ್ತರ 2:
ಮೇಲಿನ ಮಾತಿಗೆ ನನ್ನ ಸಹಮತವಿದೆ, ಆದರೆ ಅಗಲ ಹೆಚ್ಚಿದಂತೆ ಮೈಲೇಜ್ ತುಸು ಇಳಿಯಬಹುದು. ಹೆಚ್ಚಾಗಿ ಊರೊಳಗೇ ಓಡಿಸುವವರಾದರೆ ನಾಲ್ಕು ದಿನ ಕಾದು ಮೂಲ ಅಳತೆಯನ್ನೇ ತರಿಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಯಾವುದನ್ನು ಕೊಂಡರೂ ಭಾರಸೂಚಿ (ಟೈರ್ ಎಷ್ಟು ಭಾರ ಹೊರಬಲ್ಲದೆಂದು ತಿಳಿಸಲು ಅಳತೆಯ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ) ಮೂಲ ಟೈರಿಗಿಂತ ಕಡಿಮೆಯಿರಬಾರದು. 85 ಎಂದರೆ ಒಂದು ಟೈರಿಗೆ 515 ಕೆ.ಜಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹೆದ್ದಾರಿಯ ಓಡಾಟವೇ ಹೆಚ್ಚಾದ್ದರಿಂದ 185/70 ಹಾಕಿಸುತ್ತೇನೆ. ಸ್ಟೆಪ್ನಿ ಹಳೆಯ ಅಳತೆಯದೇ ಇದ್ದರೆ ನಡೆಯುತ್ತದೆಯೇ?

ಉತ್ತರ 1:
ಪಂಕ್ಚರ್ ಅಂಗಡಿ ತಲುಪುವವರೆಗೆ ಮಾತ್ರ ನಡೆಯುತ್ತದೆ.